ಖಾಸಿಂಬಿ ಹೆಸರು ತಗದಾಕಿ ನಾನೇ

ಹುಸೇನಸಾಬ್ ಮಾಸ್ತರ್ರೇ,

ನೀವಿದ್ದಾಗ ಫೋನ್ ಎತ್ತಲಿಲ್ಲ, ಈಗ ಕಾಗದ ಬರ್ಯಾಕತ್ತೇನಿ. ಬೈದುಬಿಡ್ರಿ.

ಜೇವರ್ಗಿಯಿಂದ ಬಸ್ಸಿನ್ಯಾಗ ಬಂದು ಆ ಹಳೇ ನೋಟ್‌ಬುಕ್ಕು ಆಳಂದದ ನಮ್ಮ ಲೈಬ್ರರಿ ಟೇಬಲ್ ಮ್ಯಾಗ ಇಟ್ಟಿದ್ರಿ. ನಿಮ್ಮವ್ವ ಕಟ್ಟಿದ ತತ್ವಪದ. ಆಕಿಗೆ ಓದು ಬರಹ ಇಲ್ಲ. ಆಕಿ ಹಾಡ್ತಿದ್ಲು, ನೀವು ಬರಕೋತಿದ್ರಿ. ಎಲ್ಲಾ ಸ್ಕ್ಯಾನ್ ಮಾಡಿ ನಮ್ಮ ಆನ್‌ಲೈನ್ ಗ್ರಂಥಾಲಯಕ್ಕ ಏರಿಸಿದ್ವಿ. ಕರ್ತೃ ಅನ್ನೋ ಕಡೆ ನೀವೇ ಒಂದೊಂದು ಅಕ್ಷರ ಹುಡುಕಿ ಹೊಡದ್ರಿ: ಖಾಸಿಂಬಿ. ಆಮ್ಯಾಲೆ ಕನ್ನಡಕ ತಗದು ಒರಸಿಕೊಂಡ್ರಿ.

ಮರುವಾರ ನನ್ನ ಶಾಣ್ಯಾತನ ಶುರುವಾತು. ಪ್ರತಿ ಪದದ ಕೊನೀ ಸಾಲಿನ್ಯಾಗ ಗುರುವಿನ ಹೆಸರಿತ್ತು. ಪದ ಕಟ್ಟಿದವರು ತಮ್ಮ ಹೆಸರು ಬಿಟ್ಟು ಗುರುವಿನ ಹೆಸರು ಹಾಕೂದು ನಮ್ಮ ಕಡೆ ಪದ್ಧತಿ, ನನಗ ಗೊತ್ತಿಲ್ಲೇನು? ಆದ್ರೂ ಖಾಸಿಂಬಿನ್ನ ತಗದು ಗುರುವಿನ ಹೆಸರೇ ಹಾಕಿದೆ. ಖರೇ ಹೇಳ್ತೇನಿ, ಓದು ಬಾರದ ಹೆಣ್ಮಗಳು ಇಂಥಾ ಪದ ಕಟ್ಟ್ಯಾಳಂತ ನಂಬಿಕಿ ಬರಲಿಲ್ಲ. ನಾನೂ ಹೆಣ್ಮಗಳೇ, ಥೂ! ಆನ್‌ಲೈನ್‌ನ್ಯಾಗ ಕರ್ತೃಗಳ ಪಟ್ಟಿ ಎಲ್ಲಾ ಲೈಬ್ರರಿಗೂ ಒಂದೇ. ಒಬ್ಬರು ತಿದ್ದಿದ್ರ ಎಲ್ಲಾ ಕಡೆ ಬದಲಾಗ್ತದ.

"ಬೇಟಿ, ನಮ್ಮವ್ವ ಎಲ್ಲಿ ಹೋದ್ಳು?" ಅಂತ ಫೋನಿನ್ಯಾಗ ಕೇಳಿದ್ರಿ. "ಆಧಾರ ಬೇಕ್ರಿ, ಬಾಯಿಮಾತು ನಡ್ಯಂಗಿಲ್ಲ" ಅಂದೆ. "ಹೌದ್ರಿ, ತರ್ತೇನ್ರಿ" ಅಂದ್ರಿ. ನೀವೇ ಕಲಿಸಿದ ಹುಡುಗಿಗೆ 'ರಿ' ಹಚ್ಚಿ ಮಾತಾಡಿದ್ರಲ್ಲ… ಆಮ್ಯಾಲೆ ಎರಡು ಸಲ ಫೋನ್ ಬಂತು, ಎತ್ತಲಿಲ್ಲ. ಮೂರನೇದು ನೀವು ಹೋದ್ರಂತ ನಿಮ್ಮ ಮಗಳು ಮಾಡಿದ್ದು.

ನಾನು ನಿಮ್ಮ ಮಣ್ಣಿಗೆ ಬಂದಾಗ ಆಕಿ ನಿಮ್ಮ ಮೊಬೈಲು ನನ್ನ ಕೈಯಾಗ ಇಟ್ಲು. ನಿಮ್ಮವ್ವನ ಜೋಡಿ ಹಾಡ್ತಿದ್ದ ಮುದುಕಿನ್ನ ಹುಡುಕ್ಕೋತ ಸೊನ್ನ ಊರಿಗೆ ಹೋಗಿ ರೆಕಾರ್ಡ್ ಮಾಡಿದ್ರಂತ. ಅದರಾಗ ಮುದುಕಿ ಒದರ್ತಾಳ: "ಖಾಸಿಂಬಿ ಬಿಟ್ರ ಯಾರು ಕಟ್ಟ್ಯಾರಲೇ? ಮಗ ನೀನು, ನಿನಗ ಗೊತ್ತಿಲ್ಲೇನು?" ನೀವು ಸಣ್ಣ ದನಿಯಾಗ, "ನನಗ ಗೊತ್ತದ ಬೇ. ಅವರಿಗೆ ಆಧಾರ ಬೇಕಂತ." ಈ ವಯಸ್ಸಿನ್ಯಾಗ ನಿಮ್ಮ ಅವ್ವಗ ನೀವೇ ಸಾಕ್ಷಿ ಹುಡುಕಬೇಕಾತಲ್ರೀ…

ಅವತ್ತೇ ಹೆಸರು ತಿರುಗಿ ಹಾಕೇನಿ. ತಪ್ಪು ನನ್ನದಂತ ಎಲ್ಲರಿಗೂ ಕಾಣೂ ಹಂಗ ಬರದೇನಿ.

ನಿನ್ನೆ ಆ ಪುಟ ನೋಡಿ ಅಫಜಲಪುರದ ಹೆಣ್ಮಗಳೊಬ್ಬಾಕಿ ಕೇಳ್ಯಾಳ: "ನಮ್ಮತ್ತಿನೂ ಪದ ಕಟ್ತಿದ್ರು, ಕೊನೀಗೆ ಗುರುವಿನ ಹೆಸರೇ ಅದ. ಅತ್ತಿ ಹೆಸರು ಹಾಕಿದ್ರ ನಡೀತದೇನ್ರಿ? ತೋರ್ಸಾಕ ನನ್ನ ಹಂತ್ಯಾಕ ಏನೂ ಇಲ್ಲ."

"ನೀವು ಹೇಳಿದ್ರಲ್ಲ ಅಕ್ಕಾ, ಅಷ್ಟು ಸಾಕು" ಅಂದೆ. ಮಾಸ್ತರ್ರೇ, ಈ ಮಾತು ನಿಮಗ ಅನ್ನಾಕ ನನಗೇನಾಗಿತ್ತು?

ನಿಮ್ಮ,
ಶಾಂತಾ