ಅವರು ಓದುತ್ತಿದ್ದ ಕಾಲೇಜು

ನಜರ್‌ಬಾದ್, ಮೈಸೂರು
೧೪ ಜೂನ್ ೧೯೬೧

ಮಂಡಕಳ್ಳಿಯ ಅತ್ತೆಯವರಿಗೆ, ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ಸೊಸೆ ವಸಂತ ಬರೆಯುವುದು.

ಈ ಕಾಗದವನ್ನು ಮಹದೇವಪ್ಪ ಮೇಷ್ಟ್ರು ನಿಮಗೆ ಓದಿ ಹೇಳುತ್ತಾರೆಂದು ಗೊತ್ತು. ಅವರ ಬಾಯಲ್ಲಿ ಕೇಳಬಾರದಂಥ ಮಾತುಗಳೂ ಇದರಲ್ಲಿವೆ. ಆದರೂ ಬರೆಯುತ್ತಿದ್ದೇನೆ. ನಿಮ್ಮೆದುರು ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಾನು ಪಿ.ಯು.ಸಿ. ಪಾಸಾದೆ, ಫಸ್ಟ್ ಕ್ಲಾಸು. ಪೇಪರಿನಲ್ಲಿ ನಂಬರು ಹುಡುಕಿದ್ದು ಅಪ್ಪ. ಸಿಹಿ ಮಾಡಲು ಸಕ್ಕರೆ ಡಬ್ಬ ಇಳಿಸಿದ ಅಮ್ಮ ಅದನ್ನು ತಬ್ಬಿಕೊಂಡು ಅಲ್ಲೇ ನಿಂತು ಅತ್ತಳು. ಈ ಪಾಸು ನನ್ನದಕ್ಕಿಂತ ಹೆಚ್ಚಾಗಿ ನಿಮ್ಮದು. ಹೋದ ವರ್ಷ ಕಾಲೇಜಿನಿಂದ ಬರುವಾಗ ನಂಜನಗೂಡು ರಸ್ತೆಯಲ್ಲಿ ಅವರ ಸೈಕಲ್ಲಿಗೆ ಲಾರಿ ಬಡಿದು, ಅವರು ಹೋಗಿ, ಮನೆ ತುಂಬ ನೆಂಟರು ಕೂತಿದ್ದಾಗ, ಗಂಡ ಹೋದವಳಿಗೆ ಇನ್ನೇತರ ಪುಸ್ತಕ ಅಂದವರ ಬಾಯಿ ಮುಚ್ಚಿಸಿದವರು ನೀವು. "ನನ್ ಮಗನ ಓದು ಅರ್ಧಕ್ಕೇ ನಿಂತೋಯ್ತು. ಇವಳ್ದೂ ನಿಲ್ಬೇಕಾ? ಓದ್ಲಿ ಬುಡಿ" ಅಂದಿರಿ. ಹೆತ್ತ ಮಗನನ್ನು ಕಳೆದುಕೊಂಡ ಮೂರನೇ ದಿನ ಆ ಮಾತು ಆಡುವುದಕ್ಕೆ ಎಂಥ ಜೀವ ಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ವರ್ಷದ ತಿಥಿಯ ದಿನ ನೀವು ನನ್ನನ್ನು ಹಿತ್ತಲಿಗೆ ಕರೆದು, "ಮರಿ ಓದ್ತಿದ್ದ ಕಾಲೇಜಿಗೇ ಸೇರ್ಕೊ ಕಣವ್ವ. ಅವನು ಬುಟ್ಟಿದ್ನ ನೀನು ಮುಗ್ಸು. ನಮ್ಮನೇಲೇ ಇರು. ಬೆಳಿಗ್ಗೆ ನಾನೇ ಬಸ್ಸು ಅತ್ತುಸ್ತೀನಿ" ಅಂದಿರಿ. ನಾನು ಹೂಂ ಅಂದೆ. ಸುಳ್ಳು ಹೂಂ ಅಲ್ಲ ಅತ್ತೆ. ಆ ಹೊತ್ತಿನಲ್ಲಿ ನನಗೂ ಅದೇ ಬೇಕು ಅನ್ನಿಸಿತ್ತು.

ಮೊನ್ನೆ ಸೋಮವಾರ ಅಪ್ಪನ ಜೊತೆ ಯುವರಾಜಾ ಕಾಲೇಜಿಗೆ ಅರ್ಜಿ ತರಲು ಹೋದೆ. ಅಪ್ಪ ಆಫೀಸಿನ ಕಿಟಕಿಯ ಹತ್ತಿರ ನಿಂತರು, ನಾನು ವರಾಂಡದಲ್ಲಿ ನಿಂತೆ. ಒಳಗೆ ಯಾರೋ ಕೆಮಿಸ್ಟ್ರಿ ಲ್ಯಾಬಿನ ಬಾಗಿಲು ತೆಗೆದರು. ಆ ವಾಸನೆ ಬಂತು. ಅವರ ಷರಟು ಒಗೆಯುವಾಗ ನಿಮ್ಮ ಹಿತ್ತಲ ಕಲ್ಲಿನ ಮೇಲೆ ಬರುತ್ತಿತ್ತಲ್ಲ, ಅದೇ. ಇದೇನವ್ವ ಕೊಳೆತ ಮೊಟ್ಟೆ ನಾತ ಅಂತ ನೀವು ಸೆರಗು ಮೂಗಿಗೆ ಹಿಡಿದರೆ ಅವರು ನಗುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಓಡಲೂ ಆಗಲಿಲ್ಲ.

ಅಷ್ಟರಲ್ಲಿ ಹುಡುಗರ ಗುಂಪೊಂದು ಜೋರಾಗಿ ನಗುತ್ತಾ ಮೆಟ್ಟಿಲು ಇಳಿದು ಬಂತು. ಅವರಲ್ಲಿ ರುದ್ರಸ್ವಾಮಿ ಇದ್ದರು. ಹಬ್ಬಕ್ಕೆ ಮನೆಗೆ ಬಂದು ನಿಮ್ಮ ಕೈಯ ಒಬ್ಬಟ್ಟು ತಿಂದವರು, ನಿಮ್ಮ ಮಗನ ಗೆಳೆಯರು. ನನ್ನನ್ನು ನೋಡಿದ್ದೇ ಅವರ ನಗು ನಿಂತಿತು. ಪಕ್ಕದವನಿಗೆ ಏನೋ ಹೇಳಿದರು, ಅವನೂ ಸುಮ್ಮನಾದ. ಎಲ್ಲರೂ ತಲೆ ತಗ್ಗಿಸಿ, ಹೆಣ ಇಟ್ಟ ಮನೆಯ ಮುಂದೆ ಹೋಗುವವರ ಹಾಗೆ, ಗೋಡೆ ಬದಿಗೆ ಸರಿದು ಹೋದರು. ಆಮೇಲೆ ರುದ್ರಸ್ವಾಮಿಯವರು ಒಬ್ಬರೇ ವಾಪಸು ಬಂದು ನನಗೊಂದು ಕುರ್ಚಿ ಹಾಕಿಸಿದರು. ಒಳ್ಳೆಯವರು ಅತ್ತೆ, ಎಲ್ಲರೂ ಒಳ್ಳೆಯವರೇ. ಆದರೆ ಇನ್ನು ಮೂರು ವರ್ಷ ನಾನು ಎಲ್ಲಿ ಕಾಲಿಟ್ಟರೂ ಅಲ್ಲಿ ನಗು ನಿಲ್ಲುತ್ತದಲ್ಲ ಅಂತ ನನಗೆ ದಿಗಿಲಾಯಿತು.

ಅರ್ಜಿ ತಂದೆವು. ತುಂಬಲಾಗಲಿಲ್ಲ.

ನಿಮ್ಮಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸೈನ್ಸು ನನ್ನ ಆಸೆಯಾಗಿರಲಿಲ್ಲ. ಅವರು ಹೇಳಿಕೊಡುತ್ತಾರಲ್ಲ ಅಂತ ತೆಗೆದುಕೊಂಡೆ. ಲಾಂದ್ರದ ಆ ಕಡೆ ಅವರು, ಈ ಕಡೆ ನಾನು. ತಪ್ಪು ಮಾಡಿದರೆ ಪೆನ್ಸಿಲಿನಿಂದ ನನ್ನ ಬೆರಳಿಗೆ ಮೆಲ್ಲಗೆ ಹೊಡೆಯುತ್ತಿದ್ದರು. ಕೆಲವು ಸಲ ಬೇಕೆಂದೇ ತಪ್ಪು ಮಾಡುತ್ತಿದ್ದೆ. ಈ ವರ್ಷ ಅದೇ ಪುಸ್ತಕಗಳನ್ನು ಒಬ್ಬಳೇ ಓದಿ ಪಾಸಾದೆ. ಮುಂದೆ ಸೈನ್ಸೇ ಓದುವ ಶಕ್ತಿ ನನಗಿಲ್ಲ.

ಮಾರನೇ ದಿನ ಅಪ್ಪನಿಗೆ ಹೇಳಿ ಮಹಾರಾಣಿ ಕಾಲೇಜಿಗೆ ಹೋದೆ. ಅಲ್ಲಿ ಒಬ್ಬರು ಮೇಡಂ ನನ್ನ ಮಾರ್ಕ್ಸು ನೋಡಿ, "ನಿನಗೇನು ಓದೋಕೆ ಇಷ್ಟಮ್ಮ?" ಅಂತ ಕೇಳಿದರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಚರಿತ್ರೆ ಅಂದೆ. ಅರ್ಜಿ ಅಲ್ಲೇ ತುಂಬಿ ಕೊಟ್ಟೆ.

ನಿಮಗೆ ಕೊಟ್ಟ ಮಾತು ಮುರಿದಿದ್ದೇನೆ. ಬೈಯಿರಿ, ಆದರೆ ನನ್ನನ್ನು ಬಿಡಬೇಡಿ. ಮಾವನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ ಸೊಸೆ,
ವಸಂತ

ಸಹಿ ಮಾಡಿದ ಮೇಲೆ ಬರೆದದ್ದು: ಮೊದಲು ಹೇಳಬೇಕಾದದ್ದನ್ನೇ ಇಷ್ಟು ಹೊತ್ತು ಬಚ್ಚಿಟ್ಟೆ. ಮಂಡಕಳ್ಳಿಯಿಂದ ಓಡಾಡಲು ನನ್ನಿಂದ ಆಗುವುದಿಲ್ಲ ಅತ್ತೆ. ಬಸ್ಸು ದಿನಾ ಆ ಜಾಗ ದಾಟಬೇಕು. ಇಲ್ಲೇ ಅಪ್ಪನ ಮನೆಯಲ್ಲಿ ಇರುತ್ತೇನೆ.

ಮಂಡಕಳ್ಳಿ
೨೨ ಜೂನ್ ೧೯೬೧

ಮಗಳು ವಸಂತಳಿಗೆ, ನಿನ್ನ ಅತ್ತೆ ಚೆಲುವಮ್ಮ ಮಾಡುವ ಆಶೀರ್ವಾದ. (ಅಮ್ಮನವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಮಹದೇವಪ್ಪ.)

ನಿನ್ನ ಕಾಗದ ಬಂತು. ಮೇಷ್ಟ್ರು ಓದುದ್ರು. ಫಸ್ಟ್ ಕ್ಲಾಸು ಅಂತ ಕೇಳಿ ನಿಮ್ಮಾವ ಜಗಲಿ ಮೇಲಿದ್ದೋರಿಗೆಲ್ಲ ಬೆಲ್ಲ ಕಡ್ಲೆ ಅಂಚುದ್ರು. ನಂಗೂ ಸಂತೋಸವೇ.

ಯಾವ ಕಾಲೇಜಾದ್ರೇನವ್ವ. ಓದೋಳು ನೀನು. ಆ ವಾಸ್ನೆ ವಿಚಾರ ಮೇಷ್ಟ್ರು ಓದ್ದಾಗ ನಾನು ದನಕ್ಕೆ ನೀರು ಕುಡ್ಸೋಕೆ ಎದ್ದೋದೆ. ತಿರ್ಗಾ ಬಂದು ಮಿಕ್ಕಿದ್ದು ಓದುಸ್ಕಂಡೆ. ಆ ಐಕ್ಳು ನಿನ್ನ ಕಂಡು ತಲೆ ತಗ್ಸುದ್ರಲ್ಲ, ಅಂಗೆ ಆಗೋ ಜಾಗಕ್ಕೆ ನೀನು ಓಗ್ಬೇಡ. ನಾನು ಅದ್ನ ಯೋಚ್ನೆ ಮಾಡ್ಲಿಲ್ಲ. ನನ್ ಕಣ್ಣಿಗೆ ಮರಿ ಕೂತಿದ್ದ ಜಾಗ ಮಾತ್ರ ಕಾಣ್ತಿತ್ತು.

ಮಾತು ಮುರುದೆ ಅಂತ ಬರ್ದಿದ್ದೀಯ. ನೀನು ಹೂಂ ಅಂದಾಗ್ಲೇ ನಿನ್ ಮೊಕ ನೋಡಿದ್ನಲ್ಲ, ಬುಡು. ನಿನ್ ಮೇಲೆ ಸಿಟ್ಟಿಲ್ಲ. ಸ್ವಲ್ಪ ನೋವಾಯ್ತು, ಇಲ್ಲ ಅಂದ್ರೆ ಸುಳ್ಳಾಯ್ತದೆ.

ಮಾರಾಣಿ ಕಾಲೇಜಲ್ಲಿ ಮಧ್ಯಾನ ಉಣ್ಣೋಕೆ ನೆಳ್ಳು ಐತಾ? ಕುಡಿಯೋ ನೀರು ಒಳ್ಳೇದಾ? ತಂಗ್ಳು ಕಟ್ಕಂಡು ಓಗ್ಬೇಡ, ನಿಂಗೆ ಒಟ್ಟೆ ತಡೆಯಲ್ಲ.

ನಮ್ಮನ್ನ ನೋಡ್ಬೇಕು ಅನ್ನುಸ್ದಾಗ ಬಾ. ಒಂದೇ ಮಾತು, ಬರೋದಾದ್ರೆ ಬೆಳಗಿನ ಬಸ್ಸಿಗೆ ಬಾ. ಸಂಜೆ ಬಸ್ಸಿಗೆ ಬೇಡ. ಆ ಒತ್ನಲ್ಲಿ ರೋಡಲ್ಲಿ ಯಾರಾದ್ರೂ ಪುಸ್ತಕ ಇಡ್ಕಂಡು ಇಳುದ್ರೆ ನನ್ ಜೀವ ಓಯ್ತದೆ.

ನಿಮ್ಮಪ್ಪ, ಅವ್ವಂಗೆ ಕೇಳ್ದೆ ಅಂತ ಹೇಳು.

ಚೆಲುವಮ್ಮ (ಹೆಬ್ಬೆಟ್ಟಿನ ಗುರುತು)

ತಾಯೀ, ಇಲ್ಲಿಂದ ಕೆಳಗಿನದು ನನ್ನ ಸ್ವಂತ ಮಾತು. ಅಮ್ಮನವರು ಬೆರಳೊತ್ತಿ ಒಳಗೆ ಹೋದರು, ನಾನು ಬರೆಯುತ್ತಿರುವುದು ಅವರಿಗೆ ತಿಳಿಯದು.

ಯುಗಾದಿ ಕಳೆದ ಮೇಲೆ ನಿಮ್ಮ ತಂದೆಯವರು ಇಲ್ಲಿಗೆ ಬಂದಿದ್ದರು. ನಿಮಗೆ ಹೇಳಿರಲಾರರು. ನಿಮಗಿನ್ನೂ ಚಿಕ್ಕ ವಯಸ್ಸು, ಮತ್ತೊಂದು ಮದುವೆಯ ಪ್ರಸ್ತಾಪ ಬಂದಿದೆ, ಈ ಮನೆಯವರ ಒಪ್ಪಿಗೆ ಇಲ್ಲದೆ ಮುಂದುವರಿಯುವುದಿಲ್ಲ ಎಂದು ಅತ್ತೆ ಮಾವನಲ್ಲಿ ಕೇಳಿಕೊಂಡರು. ಜಗಲಿಯಲ್ಲಿ ನಾನೂ ಇದ್ದೆ. ಅಮ್ಮನವರು, "ಮಾಡಿ. ಅವಳ ಡಿಗ್ರಿ ಮುಗೀಲಿ, ಅವಳ ಮನಸ್ಸು ಕೇಳಿ, ಆಮೇಲೆ ಮಾಡಿ. ಮಡಿಲು ತುಂಬೋಕೆ ನಾನೇ ಬತ್ತೀನಿ" ಎಂದರು. ನಿಮ್ಮ ತಂದೆ ಹೋದ ಮೇಲೆ ನನ್ನ ಕಡೆ ತಿರುಗಿ, "ಮೂರು ವರ್ಸ ಐತಲ್ಲ ಮೇಷ್ಟ್ರೇ, ಅಲ್ಲೀಗಂಟ ನನ್ನತ್ರ ಇರ್ತಾಳೆ" ಎಂದರು.

ಇದನ್ನು ಓದಿ ನೀವು ಅರ್ಜಿ ಬದಲಿಸಬಾರದು. ಬದಲಿಸಿದರೆ ನಾನು ಬಾಯಿಬಿಟ್ಟೆನೆಂದು ಅವರಿಗೆ ಗೊತ್ತಾಗುತ್ತದೆ.