ಕೆಂಪಂಗಿಯವರೋ ಬಿಳಿಯಂಗಿಯವರೋ

ಸಿದ್ದಾಪುರ
೧೫-೨-೧೯೯೬

ಪ್ರೀತಿಯ ನಂದನಣ್ಣನಿಗೆ, ನಮಿತಾಳ ನಮಸ್ಕಾರ.

ಕಿವಿನೋವು ಹೇಗಿದೆ? ನೌಕಾಪಡೆಯ ಡಾಕ್ಟರು ಕೊಟ್ಟ ಹನಿ ಹಾಕಿಕೊಳ್ಳುತ್ತಿದ್ದೀಯೋ, ವಿಶಾಖಪಟ್ಟಣದಲ್ಲೂ ಬೆಳ್ಳುಳ್ಳಿ ಎಣ್ಣೆಯೇ ಗತಿಯೋ? ಆಯಿ ದಿನಾ ಕೇಳುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ, ಅಪ್ಪಯ್ಯನ ಸಿಟ್ಟೊಂದನ್ನು ಬಿಟ್ಟರೆ. ಆ ಸಿಟ್ಟಿನ ಕಥೆಯನ್ನೇ ಬರೆಯುತ್ತಿದ್ದೇನೆ, ಸಮಾಧಾನವಾಗಿ ಕೂತು ಓದು.

ಭಾನುವಾರ ನನ್ನನ್ನು ನೋಡಲು ಮಾಗೋಡಿನಿಂದ ಬಂದಿದ್ದರು. ಹುಡುಗ ತುಷಾರ, ಶಿರಸಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಜೊತೆಗೆ ಅವನ ಅಪ್ಪ ಸೀತಾರಾಮ ಹೆಗಡೆಯವರು. ನಮ್ಮ ಮನೆಗೆ ಕೇಬಲ್ ಬಂದು ಇನ್ನೂ ವಾರವಾಗಿರಲಿಲ್ಲ. ಅದನ್ನು ನೆಂಟರಿಗೆ ತೋರಿಸದಿದ್ದರೆ ಅಪ್ಪಯ್ಯನಿಗೆ ತಿಂದದ್ದು ಕರಗುತ್ತದೆಯೇ? ಕಾಲಿಗೆ ನೀರು ಕೊಡುವ ಮೊದಲೇ ಟೀವಿ ಹಾಕಿದ. ಕ್ರಿಕೆಟ್ ಹುಡುಕಲು ಹೋಗಿ ಸಿಕ್ಕಿದ್ದು ಅಮೆರಿಕದ ಫುಟ್‌ಬಾಲು. ಅಲ್ಲಿಯ ಟೀವಿಯವರು ತೋರಿಸಿದ್ದನ್ನು ಇಲ್ಲಿಯವರು ಮರುಪ್ರಸಾರ ಮಾಡುತ್ತಿದ್ದರು. ಭುಜಕ್ಕೆ ದಿಂಬು ಕಟ್ಟಿಕೊಂಡ ದಾಂಡಿಗರು ಒಂದು ಗಳಿಗೆ ಸುತ್ತುಗಟ್ಟಿ ಬಗ್ಗಿ ನಿಂತು ಗುಸುಗುಸು ಮಾತಾಡುತ್ತಾರೆ, ಮರುಗಳಿಗೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆಮೇಲೆ ಜಾಹೀರಾತು. ಮತ್ತೆ ಗುಸುಗುಸು. "ಕಾಲಲ್ಲಿ ಮುಟ್ಟದೇ ಇಲ್ಲೆ, ಇದೆಂತ ಫುಟ್‌ಬಾಲು ಮಾರಾಯ್ರೇ?" ಎಂದು ಹೆಗಡೆಯವರು ನಕ್ಕರು. ನಗುನಗುತ್ತಲೇ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

ನಮ್ಮವರ ಕ್ರಮ ನಿನಗೆ ಗೊತ್ತೇ ಇದೆ. ಗಂಡಿನ ಕಡೆಯ ಹಿರಿಯರು "ಕೂಸಿನ ಕರೀರಿ" ಎನ್ನುವವರೆಗೆ ಹುಡುಗಿ ಹೊರಗೆ ಬರುವಂತಿಲ್ಲ. ಅವಳು ತರದೆ ಅವರು ತಿಂಡಿ ಮುಟ್ಟುವಂತಿಲ್ಲ. ಆಯಿಯ ರೇಷ್ಮೆ ಸೀರೆ ಉಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಬಾಗಿಲ ಸಂದಿಯಲ್ಲಿ ನಿಂತೇ ಇದ್ದೆ. ಕರೆಯುವವರು ಯಾರು? ಅಪ್ಪಯ್ಯ ಕೆಂಪಂಗಿಯವರ ಕಡೆ, ಹೆಗಡೆಯವರು ಬಿಳಿಯಂಗಿಯವರ ಕಡೆ. ಆಟದ ತಲೆಬುಡ ಇಬ್ಬರಿಗೂ ಗೊತ್ತಿಲ್ಲ, ವಾದಕ್ಕೆ ಮಾತ್ರ ಕಡಿಮೆಯಿಲ್ಲ. ತುಷಾರನೊಬ್ಬ ಟೀವಿ ನೋಡುತ್ತಿರಲಿಲ್ಲ, ಬಾಗಿಲ ಸಂದಿಯನ್ನೇ ನೋಡುತ್ತಿದ್ದ. ನಾನು ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುವುದನ್ನು ಕಂಡು, ತಟ್ಟೆ ಕೆಳಗಿಡು ಎಂದು ಸನ್ನೆ ಮಾಡಿದ. ಅಣ್ಣಾ, ಅವನು ನನಗೆ ಅಲ್ಲೇ ಇಷ್ಟವಾಗಿಬಿಟ್ಟ.

ಕೊನೆಗೆ ಯಾವನೋ ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡಿದ, ಉಳಿದವರೆಲ್ಲ ಅವನ ಮೇಲೆ ಬಿದ್ದರು, ಅಷ್ಟರಲ್ಲಿ ಕರೆಂಟು ಹೋಯಿತು. ಕೆಂಪಿನವರೇ ಗೆದ್ದರೆಂದು ಅಪ್ಪಯ್ಯ. "ಬಿಳಿಯವ್ವೇ ಗೆದ್ದಿದ್ದು, ಎನ್ನ ಕಣ್ಣೇನು ಕುರುಡಾ?" ಎಂದು ಹೆಗಡೆಯವರು. ಮಾತಿಗೆ ಮಾತು ಬೆಳೆದು, ಇಂಥವರ ಸಂಬಂಧವೇ ಬೇಡವೆಂದು ಅವರು ಎದ್ದೇಬಿಟ್ಟರು. "ಎಂಗಕ್ಕೂ ನಿಮ್ಮ ಸಂಬಂಧ ಬ್ಯಾಡ" ಎಂದ ಅಪ್ಪಯ್ಯ. ನನ್ನನ್ನು ನೋಡಲು ಬಂದವರು ನನ್ನನ್ನು ಕರೆಯದೆಯೇ ಹೋದರು! ಆಯಿ ಆರಿದ ಕೇಸರಿಬಾತಿನ ಮುಂದೆ ಕೂತು ಅತ್ತಳು. ನಾನೂ ಅತ್ತೆ. ಕೆಂಪಿನವರು ಗೆದ್ದದ್ದನ್ನು ಒಪ್ಪದೆ ಅವರು ನಮ್ಮ ಮೆಟ್ಟಿಲು ಹತ್ತಬಾರದೆಂದು ಅಪ್ಪಯ್ಯನ ಹಟ. ಅವರದೂ ಅಂಥದೇ ಹಟವಂತೆ. ನಿಜವಾಗಿ ಯಾರು ಗೆದ್ದರೆಂದು ಹೇಳಬಲ್ಲವರು ಸಿದ್ದಾಪುರದಲ್ಲಿ ಒಬ್ಬರೂ ಇಲ್ಲ.

ಆಯಿ, ಅಪ್ಪಯ್ಯ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ಹಲಸಿನ ಹಪ್ಪಳ ಬೇರೆ ಕಟ್ಟಿನಲ್ಲಿ ಬರುತ್ತದೆ. ಹಡಗಿನವರಿಗೆಲ್ಲ ಹಂಚಿ ನೀನು ಬರಿಗೈಯಲ್ಲಿ ಕೂರಬೇಡ.

ನಿನ್ನ ತಂಗಿ,
ನಮಿತಾ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ತುಷಾರ ಪಕ್ಕದ ಮನೆ ದೇವಕಕ್ಕನಲ್ಲಿಗೆ ಫೋನು ಮಾಡಿದ್ದ. ನಾವಿಬ್ಬರೂ ಒಪ್ಪಿದ್ದೇವೆ. ನೀನು ನಾಲ್ಕು ದೇಶ ಕಂಡವನು, ನೀನು ಹೇಳಿದರೆ ನಂಬುತ್ತೇನೆಂದು ಅಲ್ಲಿ ಅವನ ಅಪ್ಪ ಅಂದಿದ್ದಾರೆ, ಇಲ್ಲಿ ನಮ್ಮ ಅಪ್ಪಯ್ಯನೂ ಅಂದಿದ್ದಾನೆ. ಅದಕ್ಕೆ ನೀನು ಎರಡು ಕಾಗದ ಬರೆ. ಅಪ್ಪಯ್ಯನಿಗೆ ಕೆಂಪು ಗೆದ್ದಿತೆಂದು, ಮಾಗೋಡಿನ ಮಾವನಿಗೆ ಬಿಳಿ ಗೆದ್ದಿತೆಂದು. ಗೆದ್ದವರು ಸೋತವರ ಮುಂದೆ ಆ ಮಾತೆತ್ತದಿರುವುದೇ ದೊಡ್ಡತನವೆಂದು ಇಬ್ಬರಿಗೂ ಮರೆಯದೆ ಸೇರಿಸು. ರಜೆಗೆ ಈಗಲೇ ಅರ್ಜಿ ಹಾಕು. ಮದುವೆಯ ಊಟದ ಪಂಕ್ತಿಯಲ್ಲಿ ಅವರಿಬ್ಬರ ನಡುವೆ ಕೂರಬೇಕಾದವನು ನೀನೇ.