ಎಕ್ಕೇರಿಯ ಬೆಲೆ ಹೇಳಿಬಿಡಿ

ಎಕ್ಕೇರಿ ಮೇಲ್ದಿಬ್ಬ,
ಇಸವಿ 2251, ಹದಿಮೂರನೆಯ ತಿಂಗಳ ನಲವತ್ತನೇ ತಾರೀಕು.

ಹಿರಿಯರಾದ ವೀರಬಸು ಎಕ್ಕೇರಿ ಅವರಿಗೆ, ಎಂಟು ತಲೆಮಾರಿನ ಕೆಳಗಿನಿಂದ ನಿಮ್ಮ ಮೊಮ್ಮಗಳು ಮಹಾನಂದಾ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ಬೇಸಿಗೆ ಬೆಳೆದು ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಸದೇ ಹೋದಾಗ, ಉಳಿದ ತಿಂಗಳುಗಳಿಂದ ನಾಲ್ಕು ನಾಲ್ಕು ದಿನ ಕಿತ್ತು ಈ ಉದ್ದನೆಯ ತಿಂಗಳನ್ನು ಹೊಲಿದರು. ಇದರಲ್ಲಿ ಯಾರೂ ಹೊರಗೆ ದುಡಿಯುವುದಿಲ್ಲ. ನೆರಳಲ್ಲಿ ಕೂತು ಜಗಳ ತೆಗೆಯುತ್ತಾರೆ, ಇಲ್ಲವೇ ಕಾಗದ ಬರೆಯುತ್ತಾರೆ. ನನ್ನ ಮಾತುಗಳು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಇಮೇಲುಗಳನ್ನೇ ಓದಿ. ಅವೆಲ್ಲ ಇನ್ನೂ ಉಳಿದಿವೆ. ನಿಮ್ಮ ಮದುವೆಯ ಪೆಂಡಾಲಿನವನ ಜೊತೆ ನೀವು ಹದಿನಾಲ್ಕು ಸಲ ಚೌಕಾಸಿ ಮಾಡಿದ್ದೂ ಉಳಿದಿದೆ. ನೀವು ನನಗೆ ಅಜ್ಜನ ಅಜ್ಜನಿಗೂ ಹಿರಿಯರು, ಆದರೆ ಈ ಕಾಗದ ಓದುವಾಗ ನಿಮಗೆ ಇಪ್ಪತ್ತೊಂಬತ್ತು, ನನಗೆ ಅರವತ್ತಾರು. ಆದ್ದರಿಂದ ಎಲ್ಲಾದರೂ ಗದರಿದರೆ ವಯಸ್ಸಿನ ಲೆಕ್ಕ ಹಿಡಿದು ಸಹಿಸಿಕೊಳ್ಳಿ.

ನೀವು ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು, ಬಿಡುವಿದ್ದಾಗ ಡೊಮೇನ್ ಹೆಸರು ಕೊಂಡಿಡುತ್ತೀರಿ. ಸುತ್ತಲಿನ ಹಳ್ಳಿಗಳ ಹೆಸರೇ ನಲವತ್ತೊಂದು ನಿಮ್ಮ ಹತ್ತಿರ ಇವೆ. ಎಂಟುನೂರು ರೂಪಾಯಿಗೆ ಕೊಂಡದ್ದನ್ನು ಎಂದಾದರೂ ಎಂಬತ್ತು ಸಾವಿರಕ್ಕೆ ಮಾರುವ ಆಸೆ. ಅದು ತಪ್ಪೆಂದು ನಾನು ಹೇಳಲಾರೆ, ಅದೇ ಕಸುಬಿನ ಅನ್ನ ನಾನೂ ಉಂಡಿದ್ದೇನೆ. ನೀವು ಡೊಮೇನ್ ಎನ್ನುವುದನ್ನು ನಾವು ನೆಲೆಹೆಸರು ಎನ್ನುತ್ತೇವೆ. ನಿಮ್ಮಲ್ಲಿ ಅದಿಲ್ಲದಿದ್ದರೆ ಅಂಗಡಿಗೆ ಗಿರಾಕಿ ಕಡಿಮೆಯಾದಾರು, ಅಷ್ಟೇ. ನಮ್ಮಲ್ಲಿ ಅದಿಲ್ಲದಿದ್ದರೆ ನಳ ತೆರೆಯುವುದಿಲ್ಲ, ಆಸ್ಪತ್ರೆಯ ಬಾಗಿಲು ನಮ್ಮನ್ನು ಗುರುತಿಸುವುದಿಲ್ಲ. ಊರಿಗೊಂದು ನೆಲೆಹೆಸರು, ಆ ಹೆಸರಿನ ಕೆಳಗೆ ಮನೆಗಳು. ಬಾಯಿಗೆ ಬರುವ ಹೆಸರುಗಳನ್ನೆಲ್ಲ ನಿಮ್ಮ ಕಾಲದವರೇ ಕೊಂಡು ಮುಗಿಸಿದ್ದರಿಂದ, ನಾವು ಅವರ ವಾರಸುದಾರರ ಮುಂದೆ ಬಾಡಿಗೆಗೆ ಕೈಯೊಡ್ಡಿ ಬದುಕುತ್ತೇವೆ. ನಿಮ್ಮ ಮಗನೇ ಆಸ್ತಿ ಪಾಲಾಗುವಾಗ ಎಕ್ಕೇರಿಯ ಹೆಸರನ್ನು ಹೊರಗಿನವರಿಗೆ ಮಾರಿದ. ನಮ್ಮ ಊರಿನ ಹೆಸರಿಗೆ ನಾವೇ ಬಾಡಿಗೆ ಕಟ್ಟುತ್ತ ಬಂದೆವು.

ನಾನು ಬೆಲೆಗಾತಿ. ಹೆಸರು ಕೊಳ್ಳುವವರ ಪರವಾಗಿ, ಮಾರುವವರ ಪರವಾಗಿ ಬೆಲೆ ಕುದುರಿಸುವುದು ನನ್ನ ಕೆಲಸ. ನಮ್ಮಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗೋಡೆ, ದೀಪ, ನೀರಿನ ಮೀಟರು ಎಲ್ಲದರಲ್ಲೂ ಮಾತು ಕದ್ದು ಕೇಳುವ ಯಂತ್ರಗಳಿವೆ. ಒಂದು ಹೆಸರಿಗೆ ಒಂದು ಬೆಲೆ ಎಂದು ಯಾರಾದರೂ ಅಂದರೆ ಸಾಕು, ಅದರ ಹತ್ತಿರದ ಹೆಸರುಗಳೆಲ್ಲ ಆ ಗಳಿಗೆಯಲ್ಲೇ ತುಟ್ಟಿಯಾಗುತ್ತವೆ. ಆದ್ದರಿಂದ ನಿಮ್ಮ ದನದ ಸಂತೆಯ ದಲ್ಲಾಳಿಗಳ ಪದ್ಧತಿಗೇ ಮರಳಿದ್ದೇವೆ. ದನ ಹೋದವು, ಟವೆಲ್ಲು ಉಳಿಯಿತು. ಇಬ್ಬರು ಎದುರುಬದುರು ಕೂತು ಕೈ ಚಾಚಬೇಕು, ಮೇಲೆ ಟವೆಲ್ಲು ಹೊದಿಸಬೇಕು, ಅದರ ಕೆಳಗೆ ಒಬ್ಬರು ಇನ್ನೊಬ್ಬರ ಬೆರಳು ಹಿಡಿದು ಬೆಲೆ ತಿಳಿಸಬೇಕು. ಒಂದು ಬೆರಳೆಂದರೆ ಎಷ್ಟು ಎಂಬುದನ್ನು ಮೊದಲೇ ಬರೆದು ಒಪ್ಪಿಕೊಂಡಿರುತ್ತೇವೆ. ನಾವು ದುಡ್ಡಿನಲ್ಲಿ ಎಣಿಸುವುದಿಲ್ಲ, ನೀರುದಿನದಲ್ಲಿ ಎಣಿಸುತ್ತೇವೆ; ಒಂದು ಮನೆಗೆ ಒಂದು ದಿನ ಸಿಗುವ ನೀರೇ ಒಂದು ನೀರುದಿನ.

ಈ ಕಸುಬಿನಲ್ಲಿ ನಮ್ಮ ಮನೆತನಕ್ಕೆ ಹೆಸರಿದೆ. ಕಾರಣ ನೀವು ಝೆರಾಕ್ಸ್ ಕಾಗದದ ಹಿಂಬದಿಗೆ ಬರೆದಿಟ್ಟ ಹನ್ನೊಂದು ಸೂತ್ರಗಳು. ಹೆಸರು ಚಿಕ್ಕದಿದ್ದಷ್ಟೂ ಬೆಲೆ ದೊಡ್ಡದು. ಗಿರಾಕಿಯ ಅವಸರ ಎಷ್ಟೆಂದು ತಿಳಿಯದೆ ಮಾತಿಗಿಳಿಯಬೇಡ. ಇದಕ್ಕಿಂತ ಕೆಳಗೆ ಇಳಿಯೆನೆಂಬ ಅಂಕಿಯೊಂದನ್ನು ಮನಸ್ಸಿನಲ್ಲಿಟ್ಟುಕೋ, ಹೆಂಡತಿಗೂ ಹೇಳಬೇಡ. ಇವೆಲ್ಲಕ್ಕಿಂತ ಮೇಲೆ, ಕೆಂಪು ಪೆನ್ನಿನಲ್ಲಿ: ಮೊದಲು ಬೆಲೆ ಹೇಳಿದವನು ಸೋತ. ಎಲ್ಲಿಂದಲೋ ಎತ್ತಿ ಬರೆದಿದ್ದೀರೆಂದು ನನಗೆ ಗೊತ್ತು. ಆದರೂ ನಮ್ಮ ಮನೆಯಲ್ಲಿ ಮಕ್ಕಳಿಗೆ ಮಗ್ಗಿಗಿಂತ ಮೊದಲು ಅದನ್ನೇ ಕಲಿಸಿದರು. ಟವೆಲ್ಲಿನ ಕೆಳಗೆ ಬೆಳಗಿನಿಂದ ಬೈಗಿನವರೆಗೆ ಬೆರಳು ಅಲುಗಿಸದೆ ಕೂರುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇದನ್ನು ಬರೆಯುವಾಗಲೂ ಒಳಗೊಳಗೆ ಸ್ವಲ್ಪ ಜಂಬ ಬರುತ್ತದೆ, ನನ್ನ ಹಣೆಬರಹ.

ಹನ್ನೆರಡು ವರ್ಷಕ್ಕೊಮ್ಮೆ ನಮ್ಮಲ್ಲಿ ಎಣಿಕೆ ನಡೆಯುತ್ತದೆ. ಸ್ವಂತ ನೆಲೆಹೆಸರು ಇರುವ ಊರನ್ನು ಊರೆಂದು ಎಣಿಸುತ್ತಾರೆ, ಅದರ ಪಾಲಿನ ನೀರು ಕೊಡುತ್ತಾರೆ. ಇಲ್ಲದ ಊರಿನವರು ಬಿಡಿಜನ. ಅವರನ್ನು ಎಲ್ಲೆಲ್ಲಿ ಜಾಗವಿದೆಯೋ ಅಲ್ಲಲ್ಲಿಗೆ ಹಂಚುತ್ತಾರೆ. ಬಾಡಿಗೆ ಹೆಸರು ಇನ್ನು ಮೇಲೆ ನಡೆಯದೆಂದು ಈ ವರ್ಷ ಹೊಸ ಕಾನೂನು ಬಂತು. ಎಕ್ಕೇರಿಯಲ್ಲಿ ನಾನೂರ ಹನ್ನೆರಡು ಮನೆಗಳಿದ್ದವು. ಊರು ಒಟ್ಟಾಗಿ ಉಳಿಯಬೇಕಾದರೆ ಹೆಸರನ್ನು ಕೊಂಡೇ ಕೊಳ್ಳಬೇಕಿತ್ತು. ಮನೆ ಮನೆಯವರೂ ಸ್ನಾನ ಬಿಟ್ಟು, ಬಟ್ಟೆ ಒಗೆಯುವುದು ಬಿಟ್ಟು, ಏಳು ಸಾವಿರ ನೀರುದಿನ ಕೂಡಿಹಾಕಿದರು. ಹೊಸ ಬಾಣಂತಿಯರೂ ಕೊಟ್ಟರು. ಅಷ್ಟನ್ನೂ ನನ್ನ ಕೈಗಿಟ್ಟು, ಟವೆಲ್ಲಿಗೆ ನೀನೇ ಕೂರಬೇಕು ಎಂದರು. ಒಂದು ಬೆರಳಿಗೆ ಸಾವಿರದಂತೆ ನನ್ನ ಹತ್ತಿರ ಏಳು ಬೆರಳು ಇದ್ದವು.

ಹೆಸರಿನ ಒಡೆಯ ಹುಚ್ಚೀರಪ್ಪ ಕಟಗೇರಿ ಎಂಬ ಮುದುಕ. ಆತನೂ ಹಳೆಯ ಕಸುಬುದಾರ, ಆತನೂ ಮೊದಲು ಬೆರಳು ಹಿಡಿಯುವ ಪೈಕಿ ಅಲ್ಲ. ಹೆಸರಿನ ವರ್ಷದ ಹಣ ಕಟ್ಟುವ ಗಡುವು ನಾವು ಕೂತ ಮೂರನೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಮುಗಿಯುತ್ತಿತ್ತು. ಅದನ್ನು ನಾವು ಉರುಳುಹೊತ್ತು ಎನ್ನುತ್ತೇವೆ. ಅದು ದಾಟಿದರೆ ಹೆಸರು ಕೈಬಿಟ್ಟು ಉರುಳಿ ಹೋಗುತ್ತದೆ, ಹೆಕ್ಕುಯಂತ್ರಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಅದನ್ನು ಎತ್ತಿಕೊಳ್ಳುತ್ತವೆ. ಆತ ಹಣ ಕಟ್ಟಿರಲಿಲ್ಲ, ಹೇಗೂ ಮಾರುವ ಹೆಸರಿಗೆ ಯಾಕೆ ಕಟ್ಟಲಿ ಎಂದು. ಅದು ನನಗೆ ಗೊತ್ತಿತ್ತು. ನನಗೆ ಎಣಿಕೆಯ ಅವಸರವಿದೆಯೆಂದು ಆತನಿಗೂ ಗೊತ್ತಿತ್ತು. ಮೂರು ದಿನ ಕೂತೆವು. ನಡುನಡುವೆ ಮಜ್ಜಿಗೆಯ ಪುಡಿ ನೆಕ್ಕಿದೆವು, ಮೊಮ್ಮಕ್ಕಳ ಸುದ್ದಿ ಮಾತಾಡಿದೆವು, ಮಂಡಿ ನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ವಾದ ಮಾಡಿದೆವು. ಟವೆಲ್ಲಿನ ಕೆಳಗೆ ನನ್ನ ಅಂಗೈ ಮೇಲೆ ಆತನ ಅಂಗೈ ಬೆವರುತ್ತಿತ್ತು. ಬೆರಳನ್ನು ಮಾತ್ರ ಯಾರೂ ಹಿಡಿಯಲಿಲ್ಲ. ಮೂರನೆಯ ದಿನ ಬಿಸಿಲು ಕೆಂಪಾದಾಗ, ಇನ್ನರ್ಧ ಗಂಟೆಯಲ್ಲಿ ಈ ಮುದುಕ ಸೋಲುತ್ತಾನೆ ಎಂದುಕೊಂಡೆ. ಮೂರೇ ಬೆರಳಿಗೆ ಬಿಡಿಸಿಕೊಂಡು ಉಳಿದ ನಾಲ್ಕು ಸಾವಿರವನ್ನು ಊರಿಗೆ ವಾಪಸು ಕೊಟ್ಟರೆ ಜನ ನನ್ನನ್ನು ಹೇಗೆ ಕೊಂಡಾಡಬಹುದು ಎಂದು ಕೂಡ ಎಣಿಸಿದೆ. ಹಾಗೆ ಎಣಿಸುತ್ತಿರುವಾಗಲೇ ಸೂರ್ಯ ಮುಳುಗಿದ.

ಕೈ ತೆಗೆದ ಮೇಲೆ ಹುಚ್ಚೀರಪ್ಪ ಟವೆಲ್ಲಿನಲ್ಲೇ ಅಂಗೈಯ ಬೆವರು ಒರೆಸಿಕೊಂಡ. ಆಮೇಲೆ, "ಬೇ ಯವ್ವಾ, ನೀ ಮೂರ ಬೆರಳ ಹಿಡದಿದ್ರ ಕೊಟ್ಟ ಮನಿಗೆ ಹೋಗಾಂವ ಇದ್ದೆ. ಎರಡಕ್ಕೂ ಹೂಂ ಅಂತಿದ್ದೆ, ಖರೇನ" ಎಂದ. ಎದ್ದು ಹೋಗಲಾರದೆ ಅಲ್ಲೇ ಕೂತ. ಆತನೂ ಬರಿಗೈಯಾಗಿದ್ದ.

ಈಗ ಎಕ್ಕೇರಿ ಎಂದು ಕೇಳಿದರೆ ಹೆಕ್ಕುಯಂತ್ರದ ಒಂದೇ ಸಾಲು ಕಾಣಿಸುತ್ತದೆ: ನಿಮ್ಮ ಬೆಲೆ ತಿಳಿಸಿ. ಏಳು ಸಾವಿರ ಎಂದು ತಿಳಿಸಿದೆವು. ಮುಂದಿನ ಮಳೆಗಾಲದ ನೀರನ್ನೂ ಸೇರಿಸಿ ಹನ್ನೆರಡು ಸಾವಿರ ಎಂದೆವು. ಆ ಸಾಲು ಬದಲಾಗಲಿಲ್ಲ, ಅದಕ್ಕೆ ಅವಸರವೇ ಇಲ್ಲ. ಅಷ್ಟರಲ್ಲಿ ಎಣಿಕೆಯವರು ಬಂದರು. ನಾನೂರ ಹನ್ನೆರಡು ಮನೆಗಳನ್ನು ಹತ್ತೊಂಬತ್ತು ಕಡೆ ಹಂಚಿದ್ದಾರೆ. ಅರವತ್ತು ದಾಟಿದವರನ್ನು ಬೇರೆಯೇ ಒಯ್ಯುತ್ತಾರೆ. ನನ್ನ ಮಗಳು ರತ್ನವ್ವನಿಗೆ ಹೊಳೆಯ ಕೆಳಗಿನ ಉಪ್ಪುನೆಲ ಬಂದಿದೆ, ನನಗೆ ಬಡಗಣ ದೊಡ್ಡಿ. ಜನ ನನ್ನನ್ನು ಬಯ್ಯಲಿಲ್ಲ, ಮಾತು ಬಿಟ್ಟರು. ರತ್ನವ್ವ ಒಬ್ಬಳೇ ಬಂದು ಕೇಳಿದಳು: "ಏಳ ಇದ್ವಲ್ಲಬೇ ನಿನ್ನ ಕೈಯಾಗ. ಆ ಮುದುಕನ ಒಂದ ಬೆರಳ ಹಿಡ್ಯಾಕ ಏನ ಧಾಡಿ ಆಗಿತ್ತ ನಿನಗ?" ನಾನು ಮೊದಲು ಬೆಲೆ ಹೇಳಿದವನು ಸೋತ ಎಂದು ಶುರುಮಾಡಿದೆ. ಅವಳು ಪೂರ್ತಿ ಕೇಳದೆ ಹೊರಟುಹೋದಳು.

ಇನ್ನು ನಿಮ್ಮ ವಿಷಯ. ಈ ಕಾಗದ ಮುಟ್ಟುವ ಹಿಂದಿನ ದಿನ ನಿಮಗೊಂದು ಇಮೇಲ್ ಬಂದಿರುತ್ತದೆ. ಎಕ್ಕೇರಿಯ ನಿವೃತ್ತ ಶಿಕ್ಷಕಿ ಅಂಬಕ್ಕ ಟೀಚರದು. ಆಕೆ ಊರಿನ ಮನೆಮನೆಯ ವಂಶಾವಳಿ, ಬಾವಿಗಳ ಹೆಸರು, ಹಳೆಯ ಫೋಟೋ ಎಲ್ಲ ಸೇರಿಸಿ ಒಂದು ವೆಬ್‌ಸೈಟ್ ಮಾಡಬೇಕೆಂದಿದ್ದಾರೆ. ಬರೆದಿದ್ದಾರೆ: "ತಮ್ಮಾ, ನಮ್ಮೂರ ಹೆಸರು ನಿನ್ನ ಹತ್ರ ಐತಿ ಅಂತ ಗೊತ್ತಾತು. ಎಷ್ಟಕ್ಕ ಕೊಡ್ತಿ ಹೇಳು. ನನ್ನ ಪೆನ್ಶನ್‌ದಾಗ ಆಗೂವಷ್ಟಿದ್ರ ತಗೋತೀನಿ." ಎರಡು ದಿನ ಬಿಟ್ಟು ನೀವು ಉತ್ತರ ಕೊಟ್ಟಿದ್ದೀರಿ, ನಾನು ನೂರು ಸಲ ಓದಿದ್ದೇನೆ: "ನಿಮ್ಮ ಆಫರ್ ಎಷ್ಟು ಅಂತ ಮೊದಲು ತಿಳಿಸಿ ಮೇಡಂ." ಆಕೆ ಸಂಕೋಚದ ಹೆಂಗಸು. ಕಡಿಮೆ ಹೇಳಿದರೆ ನಿಮಗೆ ಅವಮಾನವಾದೀತು, ಹೆಚ್ಚು ಹೇಳಲು ಕೈಯಲ್ಲಿಲ್ಲ. ಮತ್ತೆ ಬರೆಯಲೇ ಇಲ್ಲ. ಆಕೆ ಕಟ್ಟಿದ ಊರ ಸಂಘ ನೂರೈವತ್ತು ವರ್ಷ ನಡೆಯಿತು. ಹೆಸರು ಆ ಸಂಘದ ಕೈಯಲ್ಲಿದ್ದಿದ್ದರೆ ಅದು ಊರಿನದಾಗಿಯೇ ಉಳಿಯುತ್ತಿತ್ತು.

ಆದ್ದರಿಂದ ಬೇಡಿಕೊಳ್ಳುತ್ತೇನೆ, ಈ ಒಂದು ಹೆಸರಿಗೆ ಮೊದಲು ನೀವೇ ಬೆಲೆ ಹೇಳಿಬಿಡಿ. ಎರಡು ಸಾವಿರ ಅನ್ನಿ, ಐದು ಸಾವಿರ ಅನ್ನಿ. ಇಪ್ಪತ್ತು ಸಾವಿರ ಎಂದರೂ ಆಕೆ ಕಂತಿನಲ್ಲಿ ಕೊಡುತ್ತಾರೆ, ಅಂಥ ಹಟದವರು. ಉಳಿದ ನಲವತ್ತರಲ್ಲಿ ನಿಮ್ಮ ಸೂತ್ರಗಳನ್ನೆಲ್ಲ ಧಾರಾಳವಾಗಿ ಪ್ರಯೋಗಿಸಿ, ನಾನು ಅಡ್ಡ ಬರುವುದಿಲ್ಲ.

ಹಿಂದಿನ ಕಾಲಕ್ಕೆ ಟಪಾಲು ಕಳಿಸುವ ಕಚೇರಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಗುಮಾಸ್ತೆ ಒಳ್ಳೆಯವಳು, ಶಾಯಿಗೆ ನೀರು ಕೊಟ್ಟಳು. ನೀವು ಮಾತು ಕೇಳಿದ್ದರೆ ಅದು ಆಗಲೇ ಎರಡು ಶತಮಾನದ ಹಿಂದೆ ನಡೆದುಹೋಗಿರುತ್ತದೆ, ಅದರ ಗುರುತು ಈಗಾಗಲೇ ಇಲ್ಲಿ ಕಾಣಬೇಕು ಎಂದು ಆಕೆ ವಿವರಿಸಿದಳು. ಈ ಕಿಟಕಿಯಿಂದ ನಮ್ಮೂರಿನವರನ್ನು ಒಯ್ಯುವ ಬಂಡಿಗಳು ಕಾಣುತ್ತವೆ. ರತ್ನವ್ವ ಹಾಸಿಗೆ ಸುತ್ತಿಕೊಂಡು ಮೂರನೆಯ ಬಂಡಿಯ ಹತ್ತಿರ ನಿಂತಿದ್ದಾಳೆ.

ಕಾಗದ ಶುರುಮಾಡಿದಾಗಲೂ ಅಲ್ಲೇ ನಿಂತಿದ್ದಳು.

ಇಂತಿ ನಿಮ್ಮ,
ಮಹಾನಂದಾ